ಸಂಧಿವಾತದ ನೋವೂ ಸಂಗೀತದ ಸಾಂತ್ವನವೂ

ಜ್ವರ ಬಂದವರ ಹಣೆ ಮುಟ್ಟಿದರೆ ಬೇನೆ ತಿಳಿಯುತ್ತದೆ. ಮೂಳೆ ಮುರಿದವರ ಪರವಾಗಿ ಅವರ ಕೈಗೆ ಹಾಕಿದ ಪ್ಲಾಸ್ಟರೇ ಸಾಕ್ಷಿ ಹೇಳುತ್ತದೆ. ಆದರೆ ಮಂಡಿಯಲ್ಲಿ, ಬೆರಳುಗಳ ಗಂಟಿನಲ್ಲಿ, ಸೊಂಟದಲ್ಲಿ ವರ್ಷಗಟ್ಟಲೆ ನೆಲೆಯೂರಿದ ನೋವಿಗೆ ಇಂಥ ಸಾಕ್ಷಿಯಿಲ್ಲ. ಮನೆಯವರು ಮೊದಲ ಕೆಲವು ತಿಂಗಳು ಮರುಗುತ್ತಾರೆ, ಮತ್ತೆ ಕೆಲವು ತಿಂಗಳು ವಿಚಾರಿಸುತ್ತಾರೆ; ಆಮೇಲೆ ಅದು ಗೋಡೆಗಡಿಯಾರದ ಸದ್ದಿನಂತೆ ಯಾರ ಕಿವಿಗೂ ಬೀಳದಾಗುತ್ತದೆ. ನೋಯುವವರಿಗೆ ಮಾತ್ರ ಅದು ಹಗಲಿರುಳೂ ಕೇಳುತ್ತಿರುತ್ತದೆ. ಇಂಥ ದೀರ್ಘಕಾಲದ ನೋವನ್ನು ಸಹ್ಯವಾಗಿಸುವುದರಲ್ಲಿ ಸಂಗೀತದ ಪಾತ್ರವೇನು, ಆ ದಿಸೆಯಲ್ಲಿ ಥಾಣೆ, ಡೊಂಬಿವಲಿ, ಕಲ್ಯಾಣ್ ಹಾಗೂ ನವಿ ಮುಂಬಯಿಯ ಕನ್ನಡ ಸಂಸ್ಥೆಗಳು ಏನು ಮಾಡಬಹುದು ಎಂಬುದು ವಿಚಾರಾರ್ಹವಾಗಿದೆ.

ಕೀಲುಬೇನೆಯು ಹೊಸ ವ್ಯಾಧಿಯೇನಲ್ಲ. ಪ್ರಾಚೀನ ಆಯುರ್ವೇದ ಗ್ರಂಥವಾದ ಮಾಧವನಿದಾನದಲ್ಲಿ ಆಮವಾತಕ್ಕೆಂದೇ ಪ್ರತ್ಯೇಕ ಅಧ್ಯಾಯವಿದೆ. ಇಂದಿನ ವೈದ್ಯಶಾಸ್ತ್ರವು ಕೀಲುಬೇನೆಗಳ ನೂರಕ್ಕೂ ಮಿಕ್ಕ ಪ್ರಭೇದಗಳನ್ನು ಗುರುತಿಸಿದೆ. ಜನಸಾಮಾನ್ಯರು ತಿಳಿದಿರಬೇಕಾದವು ಮುಖ್ಯವಾಗಿ ಎರಡು. ಮೂಳೆಗಳ ತುದಿಯನ್ನು ಕಾಪಾಡುವ ಮೃದ್ವಸ್ಥಿಯು ಸವೆದು, ಕೀಲು ಬಿಗಿದು ನೋಯುವುದು ಆಸ್ಟಿಯೋ ಆರ್ಥ್ರೈಟಿಸ್. ದೇಹದ ರಕ್ಷಣಾವ್ಯವಸ್ಥೆಯೇ ದಾರಿ ತಪ್ಪಿ ಕೀಲುಗಳ ಒಳಪೊರೆಯನ್ನು ಶತ್ರುವೆಂದು ಭ್ರಮಿಸಿ ಆಕ್ರಮಿಸುವುದು ರೂಮಟಾಯ್ಡ್ ಆರ್ಥ್ರೈಟಿಸ್. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ 52.8 ಕೋಟಿ ಜನ ಮೊದಲ ಬಗೆಯ ಬೇನೆಯಿಂದ ಬಳಲುತ್ತಿದ್ದರು. ಅವರಲ್ಲಿ ಶೇಕಡಾ 60ರಷ್ಟು ಮಂದಿ ಸ್ತ್ರೀಯರು. ಭಾರತದಲ್ಲಿ 1990ರಲ್ಲಿ ಸುಮಾರು 2.3 ಕೋಟಿಯಷ್ಟಿದ್ದ ಈ ರೋಗಿಗಳ ಸಂಖ್ಯೆ 2019ರ ವೇಳೆಗೆ 6.2 ಕೋಟಿಯನ್ನು ದಾಟಿತು.

ಈ ಸಂಖ್ಯೆಯಲ್ಲಿ ಮುಂಬಯಿ ಕನ್ನಡಿಗರ ಪಾಲೂ ಇದೆ. ಊರು ಬಿಟ್ಟು ಬಂದವರು ನಗರದೊಳಗೆ ಸ್ಥಳ ಸಾಲದೆ ಮಧ್ಯ ರೈಲ್ವೆಯ ಹಳಿ ಹಿಡಿದು ಥಾಣೆ, ಡೊಂಬಿವಲಿ, ಕಲ್ಯಾಣ್‌ಗಳಿಗೆ ಸರಿದರು. 1970ರಲ್ಲಿ ಸಿಡ್ಕೋ ಸ್ಥಾಪನೆಯಾದ ಮೇಲೆ ಬೆಳೆದ ವಾಶಿ, ನೆರೂಲ್‌ಗಳಿಗೂ ಅನೇಕರು ಹೋದರು. ಗಂಡಸರಲ್ಲಿ ಎಷ್ಟೋ ಮಂದಿ ಹೋಟೆಲಿನ ಒಲೆಯ ಮುಂದೆ, ಗಲ್ಲೆಯ ಹಿಂದೆ ನಿಂತು ಆಯುಷ್ಯ ಸವೆಸಿದರು, ಅಕ್ಕಿಮೂಟೆ ಹೊತ್ತರು. ಹೆಂಗಸರು ಒಂದು ಕೋಣೆಯ ಮನೆಯಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಬಟ್ಟೆ ಒಗೆದರು, ನೆಲ ಒರೆಸಿದರು. ಭಾರ ಎತ್ತುವುದೂ ಕುಕ್ಕರುಗಾಲಿನಲ್ಲಿ ಕೂರುವುದೂ ಮಂಡಿಸವೆತಕ್ಕೆ ಪೂರಕವೆಂಬುದು ವೈದ್ಯರು ಒಪ್ಪಿರುವ ಸಂಗತಿ. ಇದಕ್ಕೆ ಲೋಕಲ್ ಗಾಡಿಯಲ್ಲಿ ನಿಂತು ಮಾಡಿದ ಪ್ರಯಾಣ, ನಿಲ್ದಾಣದ ಸೇತುವೆಯ ಮೆಟ್ಟಿಲುಗಳು, ಲಿಫ್ಟಿಲ್ಲದ ಹಳೆಯ ಕಟ್ಟಡದ ಮೂರನೆಯ ಮಾಳಿಗೆ ಇವೆಲ್ಲವನ್ನೂ ಕೂಡಿಸಿದರೆ ಅರುವತ್ತರ ವಯಸ್ಸಿನಲ್ಲಿ ಮಂಡಿಯು ಒಪ್ಪಿಸುವ ಲೆಕ್ಕಪತ್ರ ಎಂಥದ್ದೆಂದು ಊಹಿಸುವುದು ಕಷ್ಟವಲ್ಲ.

ವಲಸಿಗರಿಗೆ ಇನ್ನೊಂದು ತೊಡಕಿದೆ. ಚಳುಕು, ಸೆಳೆತ, ಜೋಮು, ಹರಿತ, ಉರಿ ಎಂದು ನೋವಿಗೆ ಕನ್ನಡದಲ್ಲಿ ಹತ್ತು ಹೆಸರುಗಳಿವೆ. ಊರಿನಿಂದ ಮಗನ ಮನೆಗೆ ಬಂದು ನೆಲೆಸಿದ ತಾಯಿಯು ಆಸ್ಪತ್ರೆಯಲ್ಲಿ ಹಿಂದಿಯಲ್ಲೋ ಮರಾಠಿಯಲ್ಲೋ ಹೇಳಬಲ್ಲುದು “ದರ್ದ್” ಎಂಬ ಒಂದೇ ಮಾತು. ತನ್ನ ನುಡಿಯಲ್ಲಿ ಹೇಳಿಕೊಳ್ಳಲಾಗದ ನೋವು ಮನಸ್ಸಿನೊಳಗೇ ಉಳಿದು ಇಮ್ಮಡಿಯಾಗುತ್ತದೆ. ಸಂಗೀತದ ವಿಚಾರವು ಪ್ರಸ್ತುತವಾಗುವುದು ಇಲ್ಲಿಯೇ.

ನೋವಿನ ಬಾಗಿಲು

ಮುಂಜಾನೆಯ ಲೋಕಲ್ ಗಾಡಿಯಲ್ಲಿ ತಾಳ ಹಿಡಿದು ಅಭಂಗ ಹಾಡುವ ಮರಾಠಿ ಬಂಧುಗಳ ಭಜನಾ ಮಂಡಳಿಗಳನ್ನು ಕಲ್ಯಾಣ್, ಡೊಂಬಿವಲಿಯ ಪ್ರಯಾಣಿಕರು ಬಲ್ಲರು. ಆ ಡಬ್ಬಿಯಲ್ಲಿ ನಿಂತವರಿಗೆ ಕಾಲಿನ ನೋವು ಅಷ್ಟಾಗಿ ತಿಳಿಯುವುದಿಲ್ಲ. ಕಾಲಿನಲ್ಲಿ ಬದಲಾವಣೆಯೇನೂ ಆಗಿರುವುದಿಲ್ಲ. ಹಾಗಾದರೆ ನೋವು ಎಲ್ಲಿಗೆ ಹೋಯಿತು?

ಈ ಪ್ರಶ್ನೆಗೆ ಶಾಸ್ತ್ರೀಯ ಉತ್ತರ ದೊರೆಯತೊಡಗಿದ್ದು 1965ರಲ್ಲಿ. ರೊನಾಲ್ಡ್ ಮೆಲ್ಝಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಆ ವರ್ಷ ಮಂಡಿಸಿದ ಸಿದ್ಧಾಂತದ ಪ್ರಕಾರ, ಪೆಟ್ಟಾದ ಭಾಗದಿಂದ ಹೊರಟ ಸಂದೇಶವು ನೇರವಾಗಿ ಮಿದುಳನ್ನು ಸೇರುವುದಿಲ್ಲ. ಬೆನ್ನುಹುರಿಯಲ್ಲಿ ಒಂದು ಬಾಗಿಲಿದೆ. ಸ್ಪರ್ಶದಂಥ ಇತರ ಸಂವೇದನೆಗಳೂ ಮಿದುಳಿನಿಂದ ಇಳಿದುಬರುವ ಆಜ್ಞೆಗಳೂ ಆ ಬಾಗಿಲನ್ನು ತೆರೆಯಬಲ್ಲವು, ಮುಚ್ಚಬಲ್ಲವು. ಭಯ, ಬೇಸರ, ಒಂಟಿತನ, ನಿದ್ರಾಭಂಗಗಳು ಅದನ್ನು ತೆರೆದಿಡುತ್ತವೆ. ನೆಮ್ಮದಿ, ತನ್ಮಯತೆಗಳು ಓರೆ ಮಾಡುತ್ತವೆ. ಆ ಸಿದ್ಧಾಂತದ ವಿವರಗಳು ಅನಂತರ ಪರಿಷ್ಕಾರಗೊಂಡಿವೆಯಾದರೂ, ನೋವು ಕೀಲಿನಲ್ಲಿ ಹುಟ್ಟಿದರೂ ಅದರ ಅಳತೆಯಾಗುವುದು ಮಿದುಳಿನಲ್ಲಿ ಎಂಬ ತಿರುಳು ಉಳಿದುಕೊಂಡಿದೆ. ಮೆಚ್ಚಿನ ಸಂಗೀತದಿಂದ ರೋಮಾಂಚನಗೊಂಡವರ ಮಿದುಳಿನಲ್ಲಿ ಸಂತೋಷಕ್ಕೆ ಸಂಬಂಧಿಸಿದ ಡೋಪಮೈನ್ ಎಂಬ ರಾಸಾಯನಿಕವು ಸ್ರವಿಸುವುದನ್ನು 2011ರಲ್ಲಿ ಕೆನಡಾದ ಸಂಶೋಧಕರು ತೋರಿಸಿಕೊಟ್ಟರು.

ಕೀಲುಬೇನೆಯ ರೋಗಿಗಳ ಮೇಲೆಯೇ ನಡೆದ ಪ್ರಯೋಗವೂ ಇದೆ. ಅಮೆರಿಕದಲ್ಲಿ ರೂತ್ ಮೆಕಾಫ್ರಿ ಮತ್ತು ಸಂಗಡಿಗರು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಆಸ್ಟಿಯೋ ಆರ್ಥ್ರೈಟಿಸ್‌ನಿಂದ ಬಳಲುತ್ತಿದ್ದ 66 ಮಂದಿ ವೃದ್ಧರು ಭಾಗವಹಿಸಿದ್ದರು. ಅರ್ಧದಷ್ಟು ಜನ ಹದಿನಾಲ್ಕು ದಿನ ಪ್ರತಿದಿನವೂ ಇಪ್ಪತ್ತು ನಿಮಿಷ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತವನ್ನು ಆಲಿಸಿದರು. ಉಳಿದವರು ಅಷ್ಟೇ ಹೊತ್ತು ಸುಮ್ಮನೆ ಕುಳಿತರು. ಸಂಗೀತ ಕೇಳಿದವರ ನೋವು ಗಣನೀಯವಾಗಿ ಇಳಿದಿತ್ತು. 2006ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ ದೀರ್ಘಕಾಲದ ನೋವುಳ್ಳ 60 ಮಂದಿಯ ಪೈಕಿ, ಏಳು ದಿನ ನಿತ್ಯ ಒಂದು ಗಂಟೆ ಸಂಗೀತ ಕೇಳಿದವರಲ್ಲಿ ನೋವಿನೊಡನೆ ಮನಸ್ಸಿನ ಕುಗ್ಗುವಿಕೆಯೂ ಕಡಿಮೆಯಾಯಿತು. ತಾವೇ ಆರಿಸಿಕೊಂಡ ಸಂಗೀತವಾಗಲಿ, ಸಂಶೋಧಕರು ಕೊಟ್ಟದ್ದಾಗಲಿ, ಎರಡೂ ಉಪಕರಿಸಿದವು.

ಜಮೆಯನ್ನು ಬರೆದ ಮೇಲೆ ಖರ್ಚನ್ನೂ ಬರೆಯುವುದು ನ್ಯಾಯ. ಅದೇ 2006ರಲ್ಲಿ ಕಾಕ್ರೇನ್ ಸಂಸ್ಥೆಯ ಆಶ್ರಯದಲ್ಲಿ ನಾನಾ ಬಗೆಯ ನೋವುಗಳ ಬಗ್ಗೆ ನಡೆದ 51 ಅಧ್ಯಯನಗಳ ಪರಾಮರ್ಶೆಯಾಯಿತು. ಸಂಗೀತವು ನೋವನ್ನು ತಗ್ಗಿಸುವುದು ನಿಜ, ಆದರೆ ತಗ್ಗುವ ಪ್ರಮಾಣ ಅಲ್ಪ ಎಂಬುದು ಅದರ ತೀರ್ಮಾನ. ಹತ್ತು ಅಂಕದ ಅಳತೆಯಲ್ಲಿ ಸರಾಸರಿ ಅರ್ಧ ಅಂಕ ಮಾತ್ರ. ಅರ್ಧ ಅಂಕವೆಂದರೆ ಅಲ್ಪವೇ. ಆದರೆ ಖರ್ಚಿಲ್ಲದೆ, ಹೊಟ್ಟೆಹುಣ್ಣಿನ ಅಪಾಯವಿಲ್ಲದೆ, ಮೂತ್ರಪಿಂಡಕ್ಕೆ ಹೊರೆಯಾಗದೆ ಪ್ರತಿದಿನವೂ ದೊರೆಯುವ ಅರ್ಧ ಅಂಕವನ್ನು ಹಗುರವಾಗಿ ಕಾಣಬೇಕಾಗಿಲ್ಲ. ನೋವಿನ ಗುಳಿಗೆಗಳನ್ನು ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ವರ್ಷಗಟ್ಟಲೆ ನುಂಗುವವರಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ.

ಪವಾಡವಲ್ಲ, ಸಂಗಾತಿ

ನಾದಕ್ಕೂ ನೋವಿಗೂ ಇರುವ ನಂಟು ಕನ್ನಡಿಗರಿಗೆ ಅಪರಿಚಿತವಲ್ಲ. ಮಾನವಿಯ ಜಗನ್ನಾಥದಾಸರು ಪೂರ್ವಾಶ್ರಮದಲ್ಲಿ ಶ್ರೀನಿವಾಸಾಚಾರ್ಯರಾಗಿದ್ದಾಗ ವಿಜಯದಾಸರನ್ನು ಅನಾದರಿಸಿ ಉದರಶೂಲೆಗೆ ತುತ್ತಾದರೆಂದೂ, ಗೋಪಾಲದಾಸರ ಕರುಣೆಯಿಂದ ಗುಣಹೊಂದಿ ಹರಿದಾಸರಾದರೆಂದೂ ಐತಿಹ್ಯವಿದೆ. ಮುತ್ತುಸ್ವಾಮಿ ದೀಕ್ಷಿತರು ಶಿಷ್ಯನೊಬ್ಬನ ಹೊಟ್ಟೆನೋವಿನ ಶಮನಕ್ಕಾಗಿ ಗ್ರಹಕೃತಿಯನ್ನು ರಚಿಸಿದರೆಂಬ ಪ್ರತೀತಿಯೂ ಉಂಟು. ನಮ್ಮ ಕಾಲದಲ್ಲಿ ಮೈಸೂರಿನ ಶ್ರೀ ಗಣಪತಿ ಸಚ್ಚಿದಾನಂದ ಸ್ವಾಮೀಜಿಯವರು ನಾದಚಿಕಿತ್ಸೆಯ ಕಛೇರಿಗಳನ್ನು ದೇಶವಿದೇಶಗಳಲ್ಲಿ ನಡೆಸಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಸಂಗೀತ ಮತ್ತು ಮಿದುಳಿನ ಸಂಬಂಧವನ್ನು ಅಭ್ಯಸಿಸುವ ಪ್ರಯೋಗಾಲಯವೇ ಇದೆ.

ಐತಿಹ್ಯಕ್ಕೆ ತಲೆಬಾಗುವುದು ಬೇರೆ, ಅದನ್ನು ಔಷಧದ ಚೀಟಿಯನ್ನಾಗಿ ಮಾಡಿಕೊಳ್ಳುವುದು ಬೇರೆ. ಈ ರಾಗ ಮಂಡಿಗೆ, ಆ ರಾಗ ಬೆನ್ನಿಗೆ ಎಂದು ಪಟ್ಟಿ ಕೊಡುವವರು ಇಂದು ಹೆಚ್ಚಾಗಿದ್ದಾರೆ. ಅಂಥ ಪಟ್ಟಿಗಳಿಗೆ ಭದ್ರವಾದ ಆಧಾರವಿಲ್ಲ. ಸವೆದ ಮೃದ್ವಸ್ಥಿಯನ್ನು ಯಾವ ರಾಗವೂ ಬೆಳೆಸಲಾರದು. ಬೆಳಗ್ಗೆ ಎದ್ದಾಗ ಅರ್ಧ ಗಂಟೆಗೂ ಮಿಕ್ಕಿ ಕೀಲುಗಳು ಬಿಗಿದಿದ್ದರೆ, ಎರಡೂ ಕೈಗಳ ಬೆರಳ ಗಂಟುಗಳು ಬಾತುಕೊಂಡಿದ್ದರೆ, ಮೊದಲು ಹೋಗಬೇಕಾದದ್ದು ವೈದ್ಯರಲ್ಲಿಗೆ. ರೂಮಟಾಯ್ಡ್ ಬೇನೆಗೆ ಬೇಗನೆ ಸರಿಯಾದ ಔಷಧ ಬಿದ್ದರೆ ಕೀಲುಗಳು ವಿಕಾರಗೊಳ್ಳುವುದನ್ನು ಬಹುಮಟ್ಟಿಗೆ ತಡೆಯಬಹುದು. ಹಾಡು ಕೇಳುತ್ತ ಆ ಅಮೂಲ್ಯ ತಿಂಗಳುಗಳನ್ನು ಕಳೆದುಕೊಂಡರೆ ಮರಳಿ ದೊರೆಯದು. ಮಂಡಿಸವೆತಕ್ಕೂ ತೊಡೆಯ ಸ್ನಾಯುಗಳನ್ನು ಬಲಪಡಿಸುವ ವ್ಯಾಯಾಮ ಮತ್ತು ತೂಕದ ಇಳಿತವೇ ಮೊದಲ ಚಿಕಿತ್ಸೆ. ದೇಹದ ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆಂದು ಅಧ್ಯಯನವೊಂದು ತೋರಿಸಿದೆ. ಸಂಗೀತವು ಔಷಧದ ಜಾಗವನ್ನು ಕಬಳಿಸಬಾರದು. ಔಷಧ ತೆಗೆದುಕೊಳ್ಳುವ, ವ್ಯಾಯಾಮ ಮಾಡುವ ಮನಸ್ಸನ್ನು ಹಿಡಿದು ನಿಲ್ಲಿಸುವ ಸಂಗಾತಿಯಾಗಬೇಕು.

ಬಾರದಾದವರು

ಕನ್ನಡ ಸಂಸ್ಥೆಗಳಿಗೆ ಸಂಗೀತದ ಕೊರತೆಯಿಲ್ಲ. ಶನಿವಾರದ ಭಜನೆ, ಏಕಾಹ ಭಜನೆ, ದಾಸರ ಪದಗಳ ಸ್ಪರ್ಧೆ, ವಚನಗಾಯನ, ತಾಳಮದ್ದಳೆ, ಭಾವಗೀತೆಗಳ ಸಂಜೆ ವರ್ಷವಿಡೀ ನಡೆಯುತ್ತಲೇ ಇರುತ್ತವೆ. ಗದಗಿನವರಾದ ಪಂಡಿತ ಭೀಮಸೇನ ಜೋಶಿಯವರು ದಾಸರ ಪದಗಳನ್ನೂ ಮರಾಠಿ ಅಭಂಗಗಳನ್ನೂ ಸಮಾನವಾಗಿ ಹಾಡಿ ಈ ನೆಲದ ಎರಡೂ ಮನೆಮಾತುಗಳನ್ನು ಬೆಸೆದರು. ಇಷ್ಟು ಸಂಪತ್ತು ಕೈಯಲ್ಲಿರುವಾಗ ಒಂದು ಪ್ರಶ್ನೆ ಕೇಳಿಕೊಳ್ಳಬೇಕು: ಹತ್ತು ವರ್ಷಗಳ ಹಿಂದೆ ಭಜನೆಯ ಮುಂದಿನ ಸಾಲಿನಲ್ಲಿದ್ದವರು ಈಗ ಎಲ್ಲಿ?

ಅವರಲ್ಲಿ ಕೆಲವರು ತೀರಿಕೊಂಡಿದ್ದಾರೆ, ಕೆಲವರು ಊರಿಗೆ ಮರಳಿದ್ದಾರೆ. ಇನ್ನು ಕೆಲವರು ಎರಡು ಗಲ್ಲಿಗಳ ಆಚೆಗೇ ಇದ್ದಾರೆ, ಆದರೆ ಬರಲಾರರು. ಸಭಾಗೃಹವು ಮಾಳಿಗೆಯ ಮೇಲಿರುತ್ತದೆ. ಭಜನೆಗೆ ಜಮಖಾನ ಹಾಸಿರುತ್ತಾರೆ; ಚಕ್ಕಲಮಕ್ಕಲ ಹಾಕಿ ಕುಳಿತರೆ ಮತ್ತೊಬ್ಬರ ಕೈಹಿಡಿಯದೆ ಏಳಲಾಗುವುದಿಲ್ಲ. ಎದ್ದು ನಿಲ್ಲಲು ಪಡುವ ಪಾಡನ್ನು ನಾಲ್ಕು ಜನ ನೋಡುವರೆಂಬ ಸಂಕೋಚ ಬೇರೆ. ಕಾರ್ಯಕ್ರಮ ಮುಗಿಯುವುದು ರಾತ್ರಿ ಹತ್ತಕ್ಕೆ. ಹೀಗಾಗಿ ಸಂಗೀತದ ಸಾಂತ್ವನವು ಯಾರಿಗೆ ಅತ್ಯಗತ್ಯವೋ ಅವರೇ ಅದರಿಂದ ದೂರವುಳಿದಿದ್ದಾರೆ. ಯಾರೂ ಅವರನ್ನು ಹೊರಗಟ್ಟಿಲ್ಲ; ಮೆಟ್ಟಿಲೂ ಜಮಖಾನವೂ ಆ ಕೆಲಸವನ್ನು ಸದ್ದಿಲ್ಲದೆ ಮಾಡಿವೆ.

ಇದಕ್ಕೆ ಪರಿಹಾರ ದುಬಾರಿಯದಲ್ಲ. ವಾರಕ್ಕೆ ಒಂದು ದಿನ, ಬೆಳಗಿನ ಬಿಗಿತ ಸಡಿಲಿದ ಮೇಲೆ, ನಾಲ್ಕು ಗಂಟೆಯ ಹೊತ್ತಿಗೆ, ನೆಲ ಅಂತಸ್ತಿನ ಒಂದು ಕೋಣೆ, ಬೆನ್ನೂ ಕೈಯೂ ಇರುವ ಇಪ್ಪತ್ತು ಕುರ್ಚಿಗಳು, ಮೂಲೆಯಲ್ಲಿರುವ ಹಾರ್ಮೋನಿಯಂ. ಇಷ್ಟು ಸಾಕು. ಶಾಲೆ ನಡೆಸುವ ಸಂಘಗಳಿಗೆ ರಜಾದಿನಗಳಲ್ಲಿ ಬೆಂಚುಗಳಿರುವ ತರಗತಿಗಳು ಬರಿದಾಗಿಯೇ ಇರುತ್ತವೆ. ನೆರೂಲಿನಲ್ಲಿ ಗೋಕುಲ ಸಂಸ್ಥೆಯವರ “ಆಶ್ರಯ”ದಂಥ ಹಿರಿಯರ ನಿವಾಸಗಳೂ ಇಂಥ ಕೂಟಕ್ಕೆ ತಕ್ಕ ತಾಣಗಳೇ. ಮೊದಲ ಇಪ್ಪತ್ತು ನಿಮಿಷ ಕೇಳುವುದು, ಮತ್ತೆ ಇಪ್ಪತ್ತು ನಿಮಿಷ ಹಾಡುವುದು, ಕೊನೆಗೆ ಫಿಸಿಯೋಥೆರಪಿ ಬಲ್ಲವರು ಹೇಳಿಕೊಟ್ಟಂತೆ ಕುರ್ಚಿಯಲ್ಲಿ ಕುಳಿತೇ ತಾಳಕ್ಕೆ ಸರಿಯಾಗಿ ಕಾಲು ನೀಡಿ ಮಡಿಸುವುದು. ಒಬ್ಬರೇ ಎಣಿಸುತ್ತ ಹತ್ತು ಬಾರಿ ಕಾಲೆತ್ತುವುದು ಬೇಸರದ ಕೆಲಸ. ಪದದ ಲಯಕ್ಕೆ ಎತ್ತಿದರೆ ಎಣಿಕೆಯೇ ಮರೆಯುತ್ತದೆ. ಹಾಡು ದಾಸರದ್ದೇ ಆಗಬೇಕೆಂದಿಲ್ಲ. ಜಾನಪದವಾಗಲಿ, ಯಕ್ಷಗಾನದ ಪದವಾಗಲಿ, ಹಳೆಯ ಚಿತ್ರಗೀತೆಯಾಗಲಿ, ಅವರವರ ಮನಸ್ಸು ಬಯಸಿದ್ದೇ ಆಗಲಿ.

ಮನೆಯಲ್ಲಿಯೂ ಪ್ರತಿದಿನ ಇಪ್ಪತ್ತು ನಿಮಿಷದ ಕೇಳ್ಮೆ ನಡೆಯಬೇಕು. ಮೊಮ್ಮಕ್ಕಳು ಅಜ್ಜಿಯ ಮೊಬೈಲಿನಲ್ಲಿ ಅವರ ಮೆಚ್ಚಿನ ಹಾಡುಗಳನ್ನು ಜೋಡಿಸಿಕೊಟ್ಟರೆ ಅದೂ ಒಂದು ಸೇವೆಯೇ. ಒಂದು ಸಣ್ಣ ಪುಸ್ತಕದಲ್ಲಿ ಹಾಡಿನ ಮೊದಲು ನೋವು ಹತ್ತರಲ್ಲಿ ಎಷ್ಟಿತ್ತು, ಅನಂತರ ಎಷ್ಟಾಯಿತು ಎಂದು ಬರೆದಿಟ್ಟರೆ ಉಪಯೋಗವಾಯಿತೋ ಇಲ್ಲವೋ ಎಂಬುದು ತಿಂಗಳೊಳಗೆ ತಾನಾಗಿಯೇ ಸ್ಪಷ್ಟವಾಗುತ್ತದೆ. ವೈದ್ಯರಿಗೂ ಆ ಪುಸ್ತಕ ಪ್ರಯೋಜನಕಾರಿ. ಉಪಯೋಗವಾಗದಿದ್ದವರನ್ನು ಬಲವಂತಪಡಿಸಬಾರದು, ಎಲ್ಲರಿಗೂ ಎಲ್ಲ ಹಾಡೂ ಹಿತವಲ್ಲ.

ದೇವರ ಮುಂದೆ ಕುರ್ಚಿಯಲ್ಲಿ ಕುಳಿತು ಭಜನೆ ಮಾಡುವುದು ಉಚಿತವೇ ಎಂದು ಕೆಲವು ಹಿರಿಯರೇ ಆಕ್ಷೇಪಿಸಬಹುದು. ಹರಿದಾಸರು ತಂಬೂರಿ ಹಿಡಿದು ಬೀದಿಯಲ್ಲಿ ನಡೆಯುತ್ತ ಹಾಡಿದವರು. ಆಸನದ ನಿಯಮವನ್ನು ಭಕ್ತಿಗೆ ಅವರು ವಿಧಿಸಲಿಲ್ಲ. ಸಂಘದ ಧನವನ್ನು ಇಂಥದಕ್ಕೆ ವಿನಿಯೋಗಿಸಬೇಕೇ ಎಂದು ಕೇಳುವವರೂ ಇರಬಹುದು. ವಾರ್ಷಿಕೋತ್ಸವದ ಒಂದು ಸಂಜೆಯ ಧ್ವನಿವರ್ಧಕ, ಹೂವಿನ ಹಾರ, ಸ್ಮರಣಿಕೆಗಳ ವೆಚ್ಚದೊಡನೆ ಇಪ್ಪತ್ತು ಕುರ್ಚಿಗಳ ಬೆಲೆಯನ್ನು ತೂಗಿ ನೋಡಿದರೆ ಉತ್ತರ ದೊರೆಯುತ್ತದೆ. ಹಾರ ಮರುದಿನ ಬಾಡುತ್ತದೆ. ಕುರ್ಚಿ ಹತ್ತು ವರ್ಷ ಬಾಳುತ್ತದೆ.

ಪ್ರತಿವರ್ಷ ಅಕ್ಟೋಬರ್ 12ನ್ನು ವಿಶ್ವ ಸಂಧಿವಾತ ದಿನವನ್ನಾಗಿ ಆಚರಿಸಲಾಗುತ್ತದೆ. ಆ ದಿನ ಭಾಷಣಗಳನ್ನು ಏರ್ಪಡಿಸುವುದಕ್ಕಿಂತ, ಪ್ರತಿಯೊಂದು ಸಂಘವೂ ತನ್ನ ಹಳೆಯ ಸದಸ್ಯರ ಪಟ್ಟಿಯನ್ನು ತೆಗೆದು, ಬರುವುದನ್ನು ನಿಲ್ಲಿಸಿದವರ ಮನೆಗೆ ಇಬ್ಬರನ್ನು ಕಳಿಸಿ, “ಬನ್ನಿ, ಕೆಳಗಿನ ಕೋಣೆಯಲ್ಲಿ ಕುರ್ಚಿ ಹಾಕಿದ್ದೇವೆ” ಎಂದು ಕರೆದರೆ ಅದು ಹೆಚ್ಚಿನ ಸೇವೆಯಾದೀತು. ಕರೆಯಲು ಬಂದವರೊಡನೆ ಕನ್ನಡದಲ್ಲಿ ತಮ್ಮ ನೋವನ್ನು ಹೇಳಿಕೊಳ್ಳುವ ಅವಕಾಶವೇ ಎಷ್ಟೋ ಮಂದಿಗೆ ಅರ್ಧ ಉಪಶಮನವನ್ನು ತರಬಲ್ಲುದು.