ಅರ್ಧ ಡಾಕ್ಟರು ಯಾರಿಗೆ?



ಜ್ವರಕ್ಕೆ ಜಾತಿ ಇಲ್ಲ ಅಂತಾರೆ. ಇರಬಹುದು. ಆದರೆ ಡಾಕ್ಟರು ಎಲ್ಲಿ ಕೂರುತ್ತಾರೆ ಎನ್ನುವುದರಲ್ಲಿ ಜಾತಿಯೂ ಉಂಟು, ಕಾಸೂ ಉಂಟು. ನಮ್ಮ ಜಿಲ್ಲೆಯಲ್ಲಿ ಖಾಸಗಿ ಮೆಡಿಕಲ್ ಕಾಲೇಜುಗಳ ಸಾಲೇ ನಿಂತಿದೆ. ಸರಕಾರಿ ಕಾಲೇಜು ಪುತ್ತೂರಿಗೆ ಅಂತ ಘೋಷಣೆ ಬರಲಿಕ್ಕೆ 2025ರ ಬಜೆಟ್ ಬೇಕಾಯಿತು. ಇಷ್ಟು ಕಾಲೇಜುಗಳಿಂದ ಹೊರಬಿದ್ದವರಲ್ಲಿ ಎಷ್ಟು ಜನ ಬೆಳ್ತಂಗಡಿಯ ಘಟ್ಟದ ಬುಡದ ಮಲೆಕುಡಿಯರ ಮನೆ ಕಂಡಿದ್ದಾರೆ? ಬಂಟ್ವಾಳದ ಕೊರಗರ ಕಾಲನಿಗೆ ಎಷ್ಟು ಜನ ಕಾಲಿಟ್ಟಿದ್ದಾರೆ?

ಡಾಕ್ಟರು ಬರಲಿಲ್ಲ. ಬಂದವಳು ನರ್ಸಕ್ಕ. 2018ರ ಆಯುಷ್ಮಾನ್ ಭಾರತ್ ಯೋಜನೆಯಲ್ಲಿ ಉಪಕೇಂದ್ರಗಳಿಗೆ ಹೊಸ ಬಣ್ಣ, ಹೊಸ ಬೋರ್ಡು ಬಂತು. ನರ್ಸಿಂಗ್ ಓದಿದವರಿಗೆ ಆರು ತಿಂಗಳ ತರಬೇತಿ ಕೊಟ್ಟು 'ಸಮುದಾಯ ಆರೋಗ್ಯ ಅಧಿಕಾರಿ' ಅಂತ ಕೂರಿಸಿದರು. ಹೆಸರು ಅಧಿಕಾರಿ, ಕೆಲಸ ಗುತ್ತಿಗೆ. ಬಿಪಿ, ಶುಗರ್, ಬಸುರಿ, ಬಾಣಂತಿ ಎಲ್ಲವನ್ನೂ ಅವಳೇ ನೋಡಬೇಕು, ಎಲ್ಲದರ ಲೆಕ್ಕವನ್ನೂ ಆನ್‌ಲೈನಿನಲ್ಲಿ ತುಂಬಬೇಕು. ಹೊಸದಾಗಿ ಮದ್ದು ಬರೆಯಬೇಕಾದರೆ ಮಾತ್ರ ಇ-ಸಂಜೀವಿನಿಯಲ್ಲಿ ಡಾಕ್ಟರನ್ನು ಹಿಡಿಯಬೇಕು. ಘಟ್ಟದ ಬುಡದಲ್ಲಿ ನೆಟ್‌ವರ್ಕನ್ನು ಯಾರು ಹಿಡಿದು ಕೊಡುತ್ತಾರೆ ಸ್ವಾಮಿ?

2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾನೂನಿನ 32ನೇ ಕಲಂ ಇಂಥವರಿಗೆ ಸೀಮಿತ ಲೈಸೆನ್ಸ್ ಕೊಡಬಹುದು ಅಂದಿತು. ಕೂಡಲೇ ವೈದ್ಯರ ಸಂಘ ಮುಷ್ಕರ ಹೂಡಿತು. ಅರೆಬರೆ ಕಲಿತವರಿಂದ ಬಡವರ ಜೀವಕ್ಕೆ ಅಪಾಯವಂತೆ! ಬಡವರ ಮೇಲೆ ಅಷ್ಟು ಪ್ರೀತಿ ಇದ್ದರೆ ಹಳ್ಳಿಗೆ ಬರಲು ಯಾರು ಬೇಡ ಅಂದರು?

ಇದು ಹಳೇ ಜಗಳ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ದೇಶದ ಸುಮಾರು 47,500 ನೋಂದಾಯಿತ ವೈದ್ಯರಲ್ಲಿ 30,000ದಷ್ಟು ಜನ ಡಿಗ್ರಿ ಇಲ್ಲದ ಲೈಸೆನ್ಸಿಯೇಟುಗಳು. ಆ ಓದನ್ನು ನಿಲ್ಲಿಸಿ, ಇನ್ನು ಒಂದೇ ದರ್ಜೆಯ ಡಾಕ್ಟರು ಸಾಕು ಅಂದರು. ಮಾತು ಚೆಂದವೇ. ಆದರೆ ಆ ಒಂದೇ ದರ್ಜೆಯವರು ಪೇಟೆಯಲ್ಲೇ ಉಳಿದರು. ಛತ್ತೀಸ್‌ಗಢ 2001ರಲ್ಲಿ ಮೂರು ವರ್ಷದ ಕೋರ್ಸು ತೆರೆದು, ಕಲಿತವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳಿಸಿತು. ಆಮೇಲೆ ಪರೀಕ್ಷಿಸಿ ನೋಡಿದರೆ, ಸಾಮಾನ್ಯ ಕಾಯಿಲೆಗಳ ಮಟ್ಟಿಗೆ ಅವರು ಎಂಬಿಬಿಎಸ್ ಮಾಡಿದವರಿಗೆ ಕಡಿಮೆ ಇರಲಿಲ್ಲ.

ಹಾಗಾದರೆ ಅರ್ಧ ಯಾವುದು? ನರ್ಸಕ್ಕನ ಬುದ್ಧಿ ಅರ್ಧವಲ್ಲ. ಅವಳಿಗೆ ಕೊಟ್ಟ ತರಬೇತಿ ಅರ್ಧ, ಅಧಿಕಾರ ಅರ್ಧ, ನೌಕರಿ ಅರ್ಧ. ಅರ್ಧ ಕೊಟ್ಟದ್ದು ಯಾಕೆ? ಕ್ಯೂ ನಿಂತವರು ನಾವು, ಅದಕ್ಕೆ.

ನಾವು ಕೇಳುವುದು ಇಷ್ಟೆ. ಅವಳ ಕೆಲಸ ಕಾಯಂ ಆಗಲಿ. ಪೂರ್ತಿ ತರಬೇತಿ ಕೊಟ್ಟು ಮದ್ದು ಬರೆಯುವ ಲೈಸೆನ್ಸ್ ಕೊಡಲಿ. ಕಷ್ಟದ ರೋಗಿಯನ್ನು ಕಳಿಸಿದಾಗ ನೋಡಲಿಕ್ಕೆ ಮೇಲಿನ ಆಸ್ಪತ್ರೆಯಲ್ಲಿ ಡಾಕ್ಟರು ಇರಲಿ. ಹಳ್ಳಿಯಲ್ಲಿ ದುಡಿದವಳಿಗೆ ಎಂಬಿಬಿಎಸ್ ಸೀಟಿನ ದಾರಿ ತೆರೆಯಲಿ. ಇಲ್ಲವಾದರೆ ಇದೂ ಹೊಸ ಪಂಕ್ತಿಭೇದವೇ: ಒಳಗೆ ಕೂತವರಿಗೆ ಡಾಕ್ಟರು, ಹೊರಗೆ ನಿಂತವರಿಗೆ ಗುತ್ತಿಗೆ.

ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಹಾಸ್ಟೆಲ್ ಗೆಳೆಯ ಗೆಳತಿಯರೇ, ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಉಪಕೇಂದ್ರದ ಬಾಗಿಲು ತಟ್ಟಿ. ಎಷ್ಟು ದಿನ ತೆರೆದಿರ್ತದೆ, ಯಾವ ಮದ್ದು ಉಂಟು, ಅಕ್ಕನಿಗೆ ಸಂಬಳ ಯಾವಾಗ ಬಂತು, ಕೇಳಿ ಬರೆದುಕೊಳ್ಳಿ. ಆ ಹಾಳೆ ಹಿಡಿದುಕೊಂಡು ತಾಲೂಕು ಆರೋಗ್ಯಾಧಿಕಾರಿಯ ಮುಂದೆ ಒಟ್ಟಿಗೆ ನಿಲ್ಲೋಣ.

ಜೈ ಭೀಮ್.