ಕಲೆಗೆ ಕಸುಬೂ ಬೇಕು, ಬಳಗವೂ ಬೇಕು

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ನಮ್ಮ ಸೀಮೆಯ ಹಳೆಯ ಮಾತು. ಅಲ್ಲಿಯ ಶಿಲ್ಪಗಳನ್ನು ಕಂಡವರ ಮೆಚ್ಚುಗೆ ಅದು. ಆದರೆ ಅದೇ ಕನಕಗಿರಿಯ ಓಣಿಗಳಲ್ಲಿ ಕಥೆ ಬರೆಯುವ, ಚಿತ್ರ ಬಿಡಿಸುವ ನಮ್ಮ ಮಕ್ಕಳನ್ನು ನೋಡುವ ಕಣ್ಣು ನಮಗಿದೆಯೇ? ‘ಇದರಿಂದ ಹೊಟ್ಟೆ ತುಂಬುವುದೇ?’ ಎಂದು ಹಿರಿಯರು ಕೇಳುತ್ತೇವೆ. ‘ನಮಗೆ ಯಾರ ಪರಿಚಯವಿದೆ?’ ಎಂದು ಮಕ್ಕಳು ಕೈಚೆಲ್ಲುತ್ತಾರೆ. ಈ ಎರಡೂ ಪ್ರಶ್ನೆಗಳಿಗೆ ಪ್ರವಾದಿವರ್ಯರ(ಸ) ಮದೀನಾದಲ್ಲಿ ಉತ್ತರವಿದೆ.

ಹಿಜ್‌ರತ್‌ನ ಬಳಿಕ ಪ್ರವಾದಿವರ್ಯರು(ಸ) ಮುಹಾಜಿರರ ಮತ್ತು ಅನ್ಸಾರರ ನಡುವೆ ಸಹೋದರತ್ವವನ್ನು ಬೆಸೆದರು. ಸಅದ್ ಬಿನ್ ರಬೀಅ್(ರ) ತಮ್ಮ ಸಂಪತ್ತಿನಲ್ಲಿ ಅರ್ಧವನ್ನು ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಮುಂದಿಟ್ಟರು. ಅವರಾದರೋ ಸಅದ್‌ರಿಗಾಗಿ ಬರಕತ್ತಿನ ದುಆ ಮಾಡಿ, ಮಾರುಕಟ್ಟೆಯ ದಾರಿಯನ್ನಷ್ಟೇ ಕೇಳಿದರು. ತುಪ್ಪ, ಗಿಣ್ಣುಗಳ ವ್ಯಾಪಾರದಿಂದ ತಮ್ಮ ಕಾಲ ಮೇಲೆ ನಿಂತರು. ಬುಖಾರಿಯಲ್ಲಿ ಬಂದಿರುವ ಈ ಪ್ರಸಂಗದಲ್ಲಿ ಬಾಂಧವ್ಯಕ್ಕೂ ಸ್ಥಾನವಿದೆ, ಸ್ವಾಭಿಮಾನಕ್ಕೂ ಸ್ಥಾನವಿದೆ. ಬಳಗವು ದಾರಿ ತೋರಿಸಿತು. ನಡೆದದ್ದು ಅವರ ಸ್ವಂತ ಕಾಲು.

ಝೈದ್ ಬಿನ್ ಸಾಬಿತ್(ರ) ಅವರದು ಇನ್ನೊಂದು ಪಾಠ. ಪ್ರವಾದಿವರ್ಯರ(ಸ) ಅಪ್ಪಣೆಯಂತೆ ಅವರು ಯಹೂದಿಗಳ ಬರಹವನ್ನು ಸುಮಾರು ಹದಿನೈದು ದಿನಗಳಲ್ಲಿ ಕಲಿತರು. ಪತ್ರಗಳನ್ನು ಓದಿದರು, ಬರೆದರು. ವಹ್ಯ್ ಬರೆದುಕೊಳ್ಳುತ್ತಿದ್ದ ಆ ಯುವಕನಿಗೇ ಮುಂದೆ ಅಬೂಬಕರ್(ರ) ಕುರ್‌ಆನ್ ಸಂಗ್ರಹದ ಮಹತ್ಕಾರ್ಯವನ್ನು ವಹಿಸಿದರು. ಒಂದು ವಿದ್ಯೆ ಬಲ್ಲವನು ಇನ್ನೊಂದನ್ನು ಕಲಿತರೆ ಮೊದಲನೆಯದು ಕುಂದುವುದಿಲ್ಲ.

ನಮ್ಮ ನಾಡಿನಲ್ಲೂ ನಿದರ್ಶನಗಳಿವೆ. 1936ರಲ್ಲಿ ದೇವನಹಳ್ಳಿಯಲ್ಲಿ ಜನಿಸಿದ ಕೆ. ಎಸ್. ನಿಸಾರ್ ಅಹಮದ್ ಅವರು ವೃತ್ತಿಯಿಂದ ಭೂವಿಜ್ಞಾನದ ಅಧ್ಯಾಪಕರು. ಸಂಬಳಕ್ಕೆ ವಿಜ್ಞಾನವಿದ್ದುದರಿಂದ ಕಾವ್ಯವನ್ನು ಮಾರಾಟದ ಸರಕಾಗಿಸುವ ಒತ್ತಡ ಅವರಿಗಿರಲಿಲ್ಲ. ಆ ಕಾವ್ಯವನ್ನು ಮನೆಮನೆಗೆ ಮುಟ್ಟಿಸಿದ್ದು ಮೈಸೂರು ಅನಂತಸ್ವಾಮಿಯವರ ರಾಗಸಂಯೋಜನೆ ಮತ್ತು 1978ರ ‘ನಿತ್ಯೋತ್ಸವ’ ಧ್ವನಿಸುರುಳಿ. ಹಾಸನದ ಬಾನು ಮುಷ್ತಾಕ್ ಅವರು ಪತ್ರಕರ್ತೆಯಾಗಿ, ವಕೀಲರಾಗಿ ದುಡಿಯುತ್ತಲೇ ಕಥೆ ಬರೆದವರು. ದೀಪಾ ಭಾಸ್ತಿಯವರ ಅನುವಾದದ ಮೂಲಕ ಆ ಕಥೆಗಳಿಗೆ 2025ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಬಹುಮಾನದ ಹಣವೂ ಇಬ್ಬರಿಗೆ ಸಮವಾಗಿ ಹಂಚಿಕೆಯಾಯಿತು. ಅವರ ವಿಚಾರಗಳನ್ನೆಲ್ಲ ಒಪ್ಪುವುದು, ಬಿಡುವುದು ಬೇರೆ ಮಾತು. ಪ್ರತಿಭೆ ಒಂಟಿಯಾಗಿ ದೂರ ಸಾಗದು ಎಂಬುದನ್ನಂತೂ ನಾವು ಒಪ್ಪಲೇಬೇಕು.

ಹಾಗೆಂದು ಪರಿಚಯಸ್ಥರ ಬೆನ್ನು ಹತ್ತಿ ಮುಖಸ್ತುತಿ ಮಾಡುವುದು ಬಳಗವಲ್ಲ. ಒಳಿತಿಗಾಗಿ ಶಿಫಾರಸು ಮಾಡುವವನಿಗೆ ಅದರಲ್ಲಿ ಪಾಲಿದೆ, ಕೆಡುಕಿಗಾಗಿ ಮಾಡುವವನಿಗೂ ಅದರ ಹೊಣೆಯಿದೆ ಎಂದು ಸೂರಃ ಅನ್ನಿಸಾ (4:85) ಎಚ್ಚರಿಸುತ್ತದೆ. ಅರ್ಹನ ಹೆಸರನ್ನು ಹೇಳುವುದು ಪುಣ್ಯ. ಅರ್ಹನನ್ನು ತಳ್ಳಿ ನಮ್ಮವನನ್ನು ಕೂರಿಸುವುದು ಅನ್ಯಾಯ. ಆದ್ದರಿಂದ ಯಾರನ್ನಾದರೂ ಪರಿಚಯಿಸಿಕೊಳ್ಳುವಾಗ ‘ಇವರಿಂದ ನನಗೇನು ಸಿಕ್ಕೀತು?’ ಎನ್ನುವ ಮೊದಲು ‘ನಾನು ಇವರಿಗೆ ಏನಾಗಬಲ್ಲೆ?’ ಎಂದು ಕೇಳಿಕೊಳ್ಳೋಣ. ನಿಯ್ಯತ್ ನೆಟ್ಟಗಿದ್ದರೆ ಪರಿಚಯವೂ ಇಬಾದತ್ ಆಗುತ್ತದೆ.

ಉಳಿದದ್ದು ಹಿರಿಯರಾದ ನಮ್ಮ ಪಾಲಿನ ಕರ್ತವ್ಯ. ಬರೆಯುವ ಹುಡುಗಿಗೆ ಕರಡು ತಿದ್ದುವುದನ್ನೂ ಅನುವಾದವನ್ನೂ ಕಲಿಸೋಣ. ಚಿತ್ರ ಬಿಡಿಸುವ ಹುಡುಗನಿಗೆ ಪುಟವಿನ್ಯಾಸವನ್ನೂ ಲೆಕ್ಕಪತ್ರವನ್ನೂ ಕಲಿಸೋಣ. ಕೊಪ್ಪಳದ ಬಳಿಯ ಕಿನ್ನಾಳಕ್ಕೆ ಅವರನ್ನು ಕರೆದೊಯ್ದು, ತಲೆಮಾರುಗಳಿಂದ ಮರದ ಗೊಂಬೆಗಳಿಗೆ ಬಣ್ಣ ತುಂಬುತ್ತ ಬಂದ ಚಿತ್ರಗಾರರೊಡನೆ ಕೂರಿಸೋಣ. ಧರ್ಮ ಬೇರೆಯಾದರೂ ಬೆವರಿನ ಗೌರವ ಒಂದೇ. ಊರಿನ ಮಸೀದಿಯಲ್ಲಿ ಜುಮಾ ಮುಗಿಸಿ ಹೊರಬರುವಾಗ ಅಂಥ ಒಂದು ಮಗುವಿನ ಹೆಸರನ್ನು ತಿಳಿದವರೊಬ್ಬರ ಕಿವಿಗೆ ಹಾಕಲು ನಮಗೆ ಖರ್ಚೇನಿದೆ?

ಅಲ್ಲಾಹನು ನಮ್ಮ ಮಕ್ಕಳ ಕೈಗೆ ಕಸುಬನ್ನೂ ನಮ್ಮ ಕಣ್ಣಿಗೆ ಅವರನ್ನು ಕಾಣುವ ಬೆಳಕನ್ನೂ ಕರುಣಿಸಲಿ. ಆಮೀನ್.