ಗೆಳೆಯನೊಡನೆ ಪೈಪೋಟಿ: ಸ್ವರಕ್ಕಿರಲಿ, ದರಕ್ಕೆ ಬೇಡ

ವಸತಿ ಶಾಲೆಯೊಂದರಲ್ಲಿ ಸಂಗೀತ ಶಿಕ್ಷಕರ ಹುದ್ದೆ ಒಂದೇ. ಅರ್ಹರು ಇಬ್ಬರು, ಗದಗಿನ ವೀರೇಶ್ವರ ಪುಣ್ಯಾಶ್ರಮದಂತಹ ಕಡೆ ಒಟ್ಟಿಗೆ ಉಂಡು, ಒಟ್ಟಿಗೆ ಕಲಿತ ಗೆಳೆಯರು. ‘ನಾನು ಅರ್ಜಿ ಹಾಕಲೇ, ಅವನಿಗೆ ಬಿಟ್ಟುಕೊಡಲೇ?’ ಎಂಬ ಪ್ರಶ್ನೆಯನ್ನು ಯಾದಗಿರಿ, ಶಹಾಪುರ, ಸುರಪುರ ಭಾಗದ ಯುವ ಕಲಾವಿದರಿಂದ ನಾನು ಹಲವು ಬಾರಿ ಕೇಳಿದ್ದೇನೆ. ಇದು ಸಂಕೋಚದ ಮಾತಷ್ಟೇ ಅಲ್ಲ, ಅನ್ನದ ಪ್ರಶ್ನೆಯೂ ಹೌದು. ಅರ್ಜಿ ಹಾಕಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಆದರೆ ಆ ಪೈಪೋಟಿಗೊಂದು ಎಲ್ಲೆ ಇರಬೇಕು.

ನಮ್ಮ ಭಾಗದಲ್ಲಿ ಸಂಗೀತಗಾರನ ದುಡಿಮೆ ವರ್ಷವಿಡೀ ನಡೆಯುವಂಥದ್ದಲ್ಲ. ಶ್ರಾವಣದಲ್ಲಿ ಮಠ, ಗುಡಿಗಳ ಪುರಾಣ ಪ್ರವಚನಕ್ಕೆ ಗವಾಯಿಯೂ ತಬಲಾ ವಾದಕನೂ ಬೇಕು. ಸಂಕ್ರಾಂತಿಗೆ ಮೈಲಾಪುರದ ಜಾತ್ರೆ, ಆಮೇಲೆ ತಿಂಥಣಿಯ ಮೌನೇಶ್ವರ ಜಾತ್ರೆ, ಬೇಸಿಗೆಯಲ್ಲಿ ಮದುವೆಗಳು. ಉಳಿದ ದಿನಗಳಿಗೆ ಇಲಾಖೆಗಳ ಕಾರ್ಯಕ್ರಮಗಳೇ ಗತಿ. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾದ ಮೇಲೆ ಜಿಲ್ಲಾ ಮಟ್ಟದ ವೇದಿಕೆಗಳು ಹತ್ತಿರವಾದವು. ಸಂವಿಧಾನದ 371(ಜೆ) ವಿಧಿಯಿಂದ ಸರ್ಕಾರಿ ನೇಮಕಾತಿಯಲ್ಲಿ ಸ್ಥಳೀಯರಿಗೆ ಮೀಸಲಾತಿ ದೊರೆಯಿತು. ಇದು ನ್ಯಾಯವೇ. ಆದರೆ ಅದರ ಇನ್ನೊಂದು ಮುಖವನ್ನೂ ಗಮನಿಸಬೇಕು. ಪ್ರತಿಸ್ಪರ್ಧಿ ಈಗ ದೂರದ ಅಪರಿಚಿತನಾಗಿರುವುದಕ್ಕಿಂತ ಅದೇ ಓಣಿಯವನು, ಅದೇ ಗುರುವಿನ ಶಿಷ್ಯನಾಗಿರುವ ಸಾಧ್ಯತೆಯೇ ಹೆಚ್ಚು.

ಗೆಳೆಯನ ಮನೆಯ ಕಷ್ಟ ಬಲ್ಲವನು ಹಿಂದೆ ಸರಿಯುವುದೇ ಧರ್ಮ ಎನ್ನುವವರಿದ್ದಾರೆ. ಆ ಭಾವನೆಯನ್ನು ನಾನು ಗೌರವಿಸುತ್ತೇನೆ. ಆದರೆ ಬಹಿರಂಗವಾಗಿ ಕರೆದ ಹುದ್ದೆಯಿಂದ ಒಬ್ಬ ಹಿಂದೆ ಸರಿದರೆ ಅದು ಗೆಳೆಯನಿಗೇ ಸಿಗುತ್ತದೆಂಬ ಖಾತರಿ ಏನು? ಮೂರನೆಯವನು ಪಡೆದರೆ ಇಬ್ಬರಿಗೂ ನಷ್ಟ. ಗುಟ್ಟಾಗಿ ಮಾಡಿದ ತ್ಯಾಗ ಮುಂದೊಂದು ದಿನ ಋಣದ ಲೆಕ್ಕವಾಗಿ ಸ್ನೇಹವನ್ನು ಕಹಿ ಮಾಡುವುದೂ ಉಂಟು. ಗೆಳೆಯನ ಅಗತ್ಯ ನಿಜಕ್ಕೂ ದೊಡ್ಡದೆನಿಸಿದರೆ ಅವನೆದುರೇ ಕುಳಿತು ಮಾತಾಡಿ ನಿರ್ಧರಿಸಲಿ.

ಪೈಪೋಟಿಯೆಂದರೆ ಹಗೆತನವಲ್ಲ ಎಂಬುದನ್ನು ಉತ್ತರ ಕರ್ನಾಟಕದ ಗೀಗೀ ಮೇಳಗಳು ಎಂದೋ ತೋರಿಸಿಕೊಟ್ಟಿವೆ. ಹರದೇಶಿಯವರು ಶಿವನ ಪಕ್ಷ ಹಿಡಿದು ಹಾಡಿದರೆ ನಾಗೇಶಿಯವರು ಶಕ್ತಿಯ ಪಕ್ಷ ವಹಿಸುತ್ತಾರೆ. ದಪ್ಪು, ತುಂತುಣಿಗಳ ನಡುವೆ ಸವಾಲು, ಜವಾಬು ಬೆಳಗಿನ ತನಕ ನಡೆಯುತ್ತದೆ. ಒಂದು ಮೇಳ ಮಣಿಯದೆ ಹಾಡಿದಷ್ಟೂ ಇನ್ನೊಂದರ ಹಾಡು ಹರಿತವಾಗುತ್ತದೆ. ಎದುರು ಮೇಳವಿಲ್ಲದೆ ಆ ಆಟವೇ ಇಲ್ಲ.

ಹಾಗಾದರೆ ಎಲ್ಲೆ ಯಾವುದು? ಸಂಭಾವನೆ. ಗೆಳೆಯ ಹಲವು ವರ್ಷಗಳಿಂದ ನಡೆಸಿಕೊಂಡು ಬಂದ ಪುರಾಣದ ಕೆಲಸಕ್ಕೆ ‘ನಾನು ಕಡಿಮೆಗೆ ಬರುತ್ತೇನೆ’ ಎಂದು ಸಂಚಕಾರ ಪಡೆಯುವುದು ಪೈಪೋಟಿಯಲ್ಲ, ಅನ್ನಕ್ಕೆ ಕನ್ನ. ಹಾಗೆ ಇಳಿಸಿದ ದರ ಮತ್ತೆ ಏರುವುದು ಕಷ್ಟ. ಮರುವರ್ಷ ಸಮಿತಿಯವರು ಅದೇ ಮೊತ್ತವನ್ನು ಇಬ್ಬರ ಮುಂದೆಯೂ ಇಡುತ್ತಾರೆ. ಗೆದ್ದವನೂ ಆಗ ಸೋತಂತೆಯೇ. ಅರ್ಜಿ ಹಾಕುವ ಮುನ್ನ ಗೆಳೆಯನಿಗೆ ತಿಳಿಸುವುದು, ಆಯ್ಕೆ ಮಾಡುವವರ ಮುಂದೆ ಅವನನ್ನು ಹಳಿಯದಿರುವುದು, ಇಬ್ಬರೂ ಒಪ್ಪಿದ ಸಂಭಾವನೆಗಿಂತ ಕೆಳಗಿಳಿಯದಿರುವುದು: ಈ ಮೂರನ್ನು ಪಾಲಿಸಿದರೆ ಸಾಕು. ಹುದ್ದೆ ಸಿಕ್ಕವನು ತಾನು ಹೋಗಲಾಗದ ಕಾರ್ಯಕ್ರಮಗಳನ್ನು ಮೊದಲು ಗೆಳೆಯನಿಗೇ ದಾಟಿಸಲಿ.

ಕರೆಯುವವರಿಗೂ ಹೊಣೆಯಿದೆ. ಇಲಾಖೆಗಳು, ಜಾತ್ರಾ ಸಮಿತಿಗಳು ಸಂಭಾವನೆಯನ್ನು ಮೊದಲೇ ಪ್ರಕಟಿಸಿದರೆ, ಅವಕಾಶಗಳನ್ನು ಸರದಿಯಂತೆ ಹಂಚಿದರೆ ಕಲಾವಿದರು ಪರಸ್ಪರ ದರ ಇಳಿಸುವ ಪ್ರಸಂಗವೇ ಬಾರದು. ಕಡಿಮೆ ಹಣಕ್ಕೆ ಯಾರು ಸಿಗುತ್ತಾರೆಂದು ಹುಡುಕುವ ಚಾಳಿ ಬಿಟ್ಟು, ಚೆನ್ನಾಗಿ ಹಾಡುವವರು ಯಾರೆಂದು ಕೇಳುವ ಅಭ್ಯಾಸ ನಮ್ಮಲ್ಲಿ ಬೆಳೆಯಬೇಕಾಗಿದೆ. ಆಗ ಗೆಳೆಯರಿಬ್ಬರೂ ಒಂದೇ ಹುದ್ದೆಗೆ ನಿಸ್ಸಂಕೋಚವಾಗಿ ಅರ್ಜಿ ಹಾಕಿಯಾರು.